ಒಸಡು ಸಮೇತ ಬಂದ ಹಲ್ಲು

ನಾನು ನಂಜನಗೂಡಿನಲ್ಲಿ ಹಲ್ಲಿನ ವೈದ್ಯೆ. ನೋವಿಲ್ಲದೆ ನನ್ನ ಬಳಿ ಯಾರೂ ಬರುವುದಿಲ್ಲ, ಬಂದವರೂ ಕುರ್ಚಿಯಲ್ಲಿ ಕೂರುವ ಮೊದಲೇ ‘ಕೀಳ್ತೀರಾ?’ ಎಂದು ಕೇಳುತ್ತಾರೆ. ಕೀಳುತ್ತೇನೆ ಎಂದರೆ ಸಮಾಧಾನ, ಉಳಿಸೋಣ ಎಂದರೆ ಅನುಮಾನ. ಒಸಡಿನ ಮಾತೆತ್ತಿದರಂತೂ ನಾನು ಏನೋ ಮಾರಲು ನಿಂತಿದ್ದೇನೆ ಎಂದೇ ತಿಳಿಯುತ್ತಾರೆ. ಹಲ್ಲಿಗೆ ಇರುವ ಮರ್ಯಾದೆ ಒಸಡಿಗೆ ಇಲ್ಲ. ಇದಕ್ಕೆ ನನಗೆ ಮೊದಲು ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ, ತೋರಿಸುವುದನ್ನು ಕಡಿಮೆ ಮಾಡಿದ್ದೇನೆ.

ನಮ್ಮ ಕಡೆಯವರಿಗೆ ಹಲ್ಲಿನ ಸಂದು ಎಂದರೆ ಆಗದು. ಮುದ್ದೆಯಿಂದ ತೊಂದರೆಯಿಲ್ಲ, ಅದನ್ನು ಅಗಿಯುವುದೇ ಇಲ್ಲ, ನುಂಗುತ್ತಾರೆ. ತೊಂದರೆ ಕೊಡುವುದು ಸೊಪ್ಪು ಮತ್ತು ಬಾಡು. ಊಟವಾದ ಮೇಲೆ ಜಗಲಿಯ ಮೇಲೆ ಕೂತು ಪೊರಕೆಯಿಂದ ಕಡ್ಡಿ ಮುರಿದುಕೊಂಡು ಹಲ್ಲು ಕೆದಕುವುದು ಇಲ್ಲಿ ಊಟದ ಕೊನೆಯ ಭಾಗ. ಕಳಲೆಯಿಂದ ಬರುವ ಒಬ್ಬ ಮೇಷ್ಟ್ರು ಪ್ರತಿ ಸಲವೂ, ‘ಅದೊಂದು ಸಂದು ಮುಚ್ಚಿಬಿಡಿ ಡಾಕ್ಟ್ರೇ, ಸೊಪ್ಪು ಸಿಕ್ಕಾಕ್ಕಂಡು ಪ್ರಾಣ ತಿಂತದೆ’ ಎನ್ನುತ್ತಾರೆ. ಸಂದು ಇರುವುದರಿಂದಲೇ ಅಲ್ಲಿ ಚಿಕ್ಕ ಬ್ರಷ್ ತೂರುತ್ತದೆ, ಅದರಿಂದಲೇ ಒಸಡು ಉಳಿದಿದೆ ಎಂದು ನಾನೂ ಪ್ರತಿ ಸಲ ಹೇಳುತ್ತೇನೆ. ಅವರು ತಲೆಯಾಡಿಸುತ್ತಾರೆ, ಮತ್ತೆ ಬಂದಾಗ ಅದನ್ನೇ ಕೇಳುತ್ತಾರೆ.

ಈ ಸಂದಿನ ವಿಷಯ ನನ್ನ ಮನೆಯವರೆಗೂ ಬಂದದ್ದು ದೊಡ್ಡವ್ವನಿಂದ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಸೋಸಲೆಯಲ್ಲಿ ಮನೆ. ಮನೆಯ ಹಿಂದಿನ ತುಂಡು ನೆಲದಲ್ಲಿ ಮಲ್ಲಿಗೆ, ಕಾಕಡ ಹಾಕಿದ್ದಾಳೆ. ಬೆಳಿಗ್ಗೆ ಮೊಗ್ಗು ಬಿಡಿಸಿ, ಕಟ್ಟಿ, ಬಸ್ಸಿನಲ್ಲಿ ಟಿ. ನರಸೀಪುರಕ್ಕೆ ತಂದು ಬಸ್ ಸ್ಟ್ಯಾಂಡಿನ ಎದುರು ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಮಗ ಸೊಸೆ ಹಸು ಸಾಕಿ ಡೈರಿಗೆ ಹಾಲು ಹಾಕುತ್ತಾರೆ. ದೊಡ್ಡವ್ವ ಹೂ ಮಾರಲೇಬೇಕೆಂದಿಲ್ಲ. ಅವಳು ಹೋಗುವುದು ಮಾತಾಡಲು. ಕೊಳ್ಳಲು ನಿಂತವರ ಮನೆಯಲ್ಲಿ ಯಾರು ಬಸುರಿ, ಯಾರ ಗಂಡ ಊರು ಬಿಟ್ಟ, ಯಾರ ಎಮ್ಮೆ ಹಾಲು ಕೊಡುತ್ತಿಲ್ಲ, ಎಲ್ಲ ಅವಳಿಗೆ ಬೇಕು. ಮೊಳ ಹಾಕುತ್ತಾ ಕೇಳುವುದು, ಕೇಳುತ್ತಾ ಬೈಯುವುದು, ಬೈದು ಒಂದು ಗೇಣು ಜಾಸ್ತಿ ಕೊಡುವುದು. ಅವಳ ಹೂವಿಗಿಂತ ಒಳ್ಳೆಯ ಹೂವು ಪಕ್ಕದಲ್ಲೇ ಸಿಗುತ್ತಿತ್ತು. ಆದರೂ ಜನ ಅವಳ ಹತ್ತಿರವೇ ನಿಲ್ಲುತ್ತಿದ್ದರು.

ಒಂದು ಬೆಳಿಗ್ಗೆ ಹಸು ಕಟ್ಟುವಾಗ ಅದು ತಲೆ ಒದರಿ ದೊಡ್ಡವ್ವನ ಬಾಯಿಗೆ ತಾಗಿತು. ಮೇಲಿನ ಮುಂದಿನ ಹಲ್ಲು ಬುಡ ಸಮೇತ ಹೋಯಿತು. ಜೊತೆಗೆ ಹಲ್ಲನ್ನು ಹಿಡಿದಿದ್ದ ಮೂಳೆಯ ಅಂಚೂ ಒಂದಿಷ್ಟು ಮುರಿಯಿತು. ಗಾಯ ಬೇಗ ಮಾಗಿತು. ಮಾಗದೇ ಉಳಿದದ್ದು ಬೇರೆ. ಅವಳು ಮಾತಾಡುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯತೊಡಗಿದಳು. ಕೇಳಿದರೆ ಧೂಳು ಎಂದಳು. ಆಮೇಲೆ ಬುಟ್ಟಿಯನ್ನು ಸೊಸೆಯ ಕೈಗೆ ಕೊಟ್ಟು ಮನೆಯಲ್ಲೇ ಹೂ ಕಟ್ಟುತ್ತಾ ಕೂತಳು. ಅವಳ ಮಗ ನನಗೆ ಫೋನ್ ಮಾಡಿದ.

‘ಅವ್ವ ಮಾತಾಡಾದ್ ಬುಟ್ಬುಟ್ಟವಳೆ ಕಣಕ್ಕ. ಬೈಯಾದೂ ಇಲ್ಲ. ಮನೇಲಿ ಯಾರೋ ಸತ್ತಂಗೈತೆ.’

ತೆಗೆದು ಹಾಕುವ ಹಲ್ಲು ಮಾಡಿಸಿಕೊಡುತ್ತೇನೆ ಎಂದೆ. ‘ರಾತ್ರಿ ಲೋಟದಲ್ಲಿ ಎತ್ತಿಡೋ ಅಲ್ಲು ನಂಗ್ ಬ್ಯಾಡ’ ಎಂದು ದೊಡ್ಡವ್ವ ಒಂದೇ ಮಾತಿನಲ್ಲಿ ಮುಗಿಸಿದಳು. ಹಾಗಾದರೆ ಉಳಿದದ್ದು ಇಂಪ್ಲಾಂಟ್, ಅಂದರೆ ಮೂಳೆಗೆ ಒಂದು ಸಣ್ಣ ಸ್ಕ್ರೂ ಕೂರಿಸಿ, ಅದು ಮೂಳೆಯೊಂದಿಗೆ ಬೆಸೆದುಕೊಂಡ ಮೇಲೆ ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್ ಬಿಗಿಯುವುದು. ನಾನು ನಮ್ಮವರ ಬಾಯಿಗೆ ಸೂಜಿ ಹಾಕುವುದಿಲ್ಲ, ಧೈರ್ಯ ಸಾಲದು. ಮೈಸೂರಿನಲ್ಲಿ ಅದನ್ನೇ ಮಾಡುವ ಒಬ್ಬರ ಬಳಿಗೆ ಕಳಿಸಿದೆ.

ಸ್ಕ್ರೂ ಚೆನ್ನಾಗಿಯೇ ಕೂತಿತು. ಕಷ್ಟ ಇದ್ದದ್ದು ಕ್ಯಾಪಿನಲ್ಲಿ. ಮೂಳೆಯ ಅಂಚು ಮುರಿದಿದ್ದರಿಂದ ಒಸಡೂ ಮೇಲಕ್ಕೆ ಸರಿದಿತ್ತು. ಅಲ್ಲಿಗೆ ಬರೀ ಹಲ್ಲು ಮಾಡಿದರೆ ಉದ್ದವಾಗಿ ಕಾಣುತ್ತದೆ, ಪಕ್ಕದಲ್ಲಿ ಕಪ್ಪು ಸಂದು ಬೀಳುತ್ತದೆ. ಅದಕ್ಕೆ ಅವರು ಹಲ್ಲಿನ ಬುಡದಲ್ಲಿ ಗುಲಾಬಿ ಬಣ್ಣದ ಪಿಂಗಾಣಿಯ ಅಂಚು ಕೊಟ್ಟು, ಅದು ನಿಜವಾದ ಒಸಡಿನ ಮೇಲೆ ಹೊದಿಕೆಯ ಹಾಗೆ ಕೂರುವಂತೆ ಮಾಡಿದ್ದರು. ನೋಡಲು ಬಹಳ ಚೆನ್ನಾಗಿತ್ತು. ದೊಡ್ಡವ್ವ ಕನ್ನಡಿ ನೋಡಿ ನನಗೆ ಅಲ್ಲಿಂದಲೇ ಫೋನ್ ಮಾಡಿಸಿದಳು.

‘ವಸಡು ಸಮೇತ ಕೊಟ್ಟವ್ರೆ ಕಣವ್ವ!’

ಮರುದಿನವೇ ಸೊಸೆಯ ಕೈಯಿಂದ ಬುಟ್ಟಿ ಕಸಿದುಕೊಂಡು ಬಸ್ ಹತ್ತಿದಳಂತೆ. ಅಷ್ಟು ದಿನ ತಿಳಿಯದೇ ಹೋದ ಬಸುರಿ ಬಾಣಂತಿಯರ ಲೆಕ್ಕವನ್ನೆಲ್ಲ ಒಂದೇ ವಾರದಲ್ಲಿ ತಿಳಿದುಕೊಂಡಳು.

ನನಗೆ ಮಾತ್ರ ಆ ಅಂಚು ಕಣ್ಣಿಗೆ ಚುಚ್ಚಿತು. ತಾನಾಗಿ ಹುಟ್ಟಿದ ಹಲ್ಲಿಗೆ ಒಸಡು ನಾರುನಾರಾಗಿ ಅಂಟಿಕೊಂಡಿರುತ್ತದೆ. ಇಂಪ್ಲಾಂಟಿಗೆ ಹಾಗೆ ಅಂಟುವುದಿಲ್ಲ, ಸೊಂಟಕ್ಕೆ ಸುತ್ತಿದ ಟವೆಲಿನ ಹಾಗೆ ಸುತ್ತಲೂ ಬಿಗಿಯಾಗಿ ಕೂತಿರುತ್ತದೆ, ಅಷ್ಟೆ. ಆದ್ದರಿಂದ ಕ್ಯಾಪು ಒಸಡಿನ ಒಳಗಿಂದ ಹೇಗೆ ಎದ್ದು ಬರುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಮಲ್ಲಿಗೆ ಮೊಗ್ಗು ತೊಟ್ಟಿನಲ್ಲಿ ಸಣ್ಣಗಿದ್ದು ಆಮೇಲೆ ತುಂಬಿಕೊಳ್ಳುವಂತೆ ಬಂದರೆ ಒಸಡಿಗೆ ಜಾಗ ಸಿಗುತ್ತದೆ, ಬ್ರಷ್ಷಿಗೂ ದಾರಿ ಇರುತ್ತದೆ. ಬುಡದಲ್ಲೇ ಉಬ್ಬಿದರೆ ಅದರಡಿ ಕೊಳೆ ಕೂರುತ್ತದೆ. ಒಸಡು ಕೆಂಪಾಗುತ್ತದೆ, ರಕ್ತ ಬರುತ್ತದೆ, ಕೀವಾಗುತ್ತದೆ, ಕೊನೆಗೆ ಸ್ಕ್ರೂ ಹಿಡಿದ ಮೂಳೆ ಕರಗುತ್ತದೆ. ಇಷ್ಟೆಲ್ಲ ಆಗುವವರೆಗೆ ನೋವು ಎಂಬುದೇ ಇರುವುದಿಲ್ಲ. ನೋವಿಲ್ಲದ ಮೇಲೆ ಯಾರು ಬರುತ್ತಾರೆ? ಮೈಸೂರಿನವರಿಗೆ ಫೋನ್ ಮಾಡಿ ಹೇಳಿದೆ. ‘ಪೇಷೆಂಟ್ ಖುಷಿಯಾಗಿದ್ದಾರಲ್ಲ ಮೇಡಂ’ ಎಂದರು. ಅದು ನಿಜವೇ ಆಗಿತ್ತು. ಅಂಚಿನ ಅಡಿಗೆ ದಿನಾ ದಾರ ತೂರಿಸಿ ತಿಕ್ಕಬೇಕು ಎಂದು ಹೇಳಿಕೊಟ್ಟು, ತುದಿ ಗಟ್ಟಿಯಾಗಿರುವ ಹಲ್ಲಿನ ದಾರದ ಪೊಟ್ಟಣವನ್ನೂ ಕೊಟ್ಟಿದ್ದರು.

ಆಮೇಲೊಂದು ಭಾನುವಾರ ಸೋಸಲೆಗೆ ಹೋಗಿದ್ದೆ. ಊಟಕ್ಕೆ ಮುದ್ದೆ, ಸೊಪ್ಪಿನ ಉಪ್ಪೆಸರು. ದೊಡ್ಡವ್ವ ಬಡಿಸಲು ನನ್ನ ಕಡೆ ಬಾಗಿದಾಗ ವಾಸನೆ ಬಂತು. ಬೇರೆಯವರಿಗೆ ಅದು ಬಾಯಿವಾಸನೆ. ನನಗೆ ಅದು ಒಸಡಿನ ಕೀವು ಎಂದು ಗೊತ್ತು. ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟೆ.

‘ದೊಡ್ಡವ್ವ, ಬಾಯಿ ತೆಗಿ’ ಎಂದೆ.

‘ಉಣ್ಣೋ ಒತ್ನಲ್ಲಿ ಬಾಯ್ ನೋಡ್ತಾಳಂತೆ! ಮೊದ್ಲು ನಿನ್ ಬಾಯ್ಗಾಕ್ಕ.’

ಊಟವಾದ ಮೇಲೆ ಅಂಗಳದ ಬೆಳಕಿಗೆ ಕೂರಿಸಿ ತುಟಿ ಎತ್ತಿದೆ. ಗುಲಾಬಿ ಪಿಂಗಾಣಿಯ ಅಂಚಿನ ಮೇಲೆ ನಿಜವಾದ ಒಸಡು ಊದಿ, ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆರಳು ಒತ್ತಿದರೆ ರಕ್ತ ಬಂತು, ಅದರ ಹಿಂದೆ ಬಿಳಿಯದೂ ಬಂತು.

‘ಯಾವಾಗಿಂದ ಹೀಗೆ?’

‘ವಸಿ ರಕ್ತ ಬತ್ತದೆ. ಕೆಟ್ ರಕ್ತ, ಓಗ್ಲಿ ಅಂತ ನಾನೇ ಬುಟ್ಟಿದ್ದೆ. ಬಂದಷ್ಟೂ ಇನ್ನೂ ತಿಕ್ತೀನಿ.’

ಹೇಗೆ ತಿಕ್ಕುತ್ತೀಯ ತೋರಿಸು ಎಂದೆ. ದೊಡ್ಡವ್ವ ಎದ್ದು ಹೋಗಿ ಹೂ ಕಟ್ಟಲು ನೀರಿನಲ್ಲಿ ನೆನೆಹಾಕಿದ್ದ ನೂಲನ್ನು ತಂದಳು. ಕೊಟ್ಟಿದ್ದ ದಾರ ಮುಗಿದು ಎಷ್ಟೋ ಕಾಲವಾಗಿತ್ತು. ‘ಊ ಕಟ್ಟೋರ್ ಮನೇಲಿ ದಾರುಕ್ ಬರವಾ?’ ಎಂದಳು. ಒಂದು ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಹೊಸೆದು, ಅಂಚಿನ ಅಡಿಗೆ ತೂರಿಸಿ, ಇನ್ನೊಂದು ಕಡೆಯಿಂದ ಹಿಡಿದು ಸರಸರ ಎಳೆದಳು. ಹೂ ಕಟ್ಟಿ ಪಳಗಿದ ಬೆರಳು, ನೋಡಲು ಚೆಂದ. ಇಷ್ಟು ಶ್ರದ್ಧೆಯಿಂದ ಹಲ್ಲಿನ ಸಂದು ತಿಕ್ಕುವ ಒಬ್ಬರನ್ನೂ ನಾನು ಈ ಸೀಮೆಯಲ್ಲಿ ನೋಡಿರಲಿಲ್ಲ. ಆದರೆ ಆ ನೂಲು ಹೊಸೆದ ಹತ್ತಿ. ಎಳೆದಾಗ ನೂಲು ಬಂತು, ಅದರ ಎಳೆಗಳೆಲ್ಲ ಬರಲಿಲ್ಲ.

ನಂಜನಗೂಡಿಗೆ ಬಾ ಎಂದರೆ ಬರಲೊಲ್ಲಳು. ‘ಕೀಳಕಿಲ್ಲ ಅಂತ ಮಾತ್ ಕೊಡು, ಬತ್ತೀನಿ.’ ನಾನು ಮಾತು ಕೊಡಲಿಲ್ಲ. ಬಿಚ್ಚಿ ನೋಡುತ್ತೇನೆ, ಕೇಳದೆ ಏನೂ ಮಾಡುವುದಿಲ್ಲ ಎಂದಷ್ಟೇ ಹೇಳಿದೆ. ಮಗ ಬೈಕಿನಲ್ಲಿ ಕೂರಿಸಿಕೊಂಡು ಬಂದ. ದಾರಿಯುದ್ದಕ್ಕೂ ಅವನಿಗೆ ಬೈದುಕೊಂಡು ಬಂದಳಂತೆ. ಕುರ್ಚಿಯಲ್ಲಿ ಕೂತ ಮೇಲೆ ಮಾತ್ರ ಅದರ ಕೈಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಎಕ್ಸ್‌ರೇಯಲ್ಲಿ ಮೂಳೆ ಕರಗಲು ಶುರುವಾಗಿದ್ದು ಕಂಡಿತು. ಸ್ಕ್ರೂ ಇನ್ನೂ ಗಟ್ಟಿಯಾಗಿತ್ತು. ನೂಲೊಂದೇ ತಪ್ಪಾಗಿದ್ದರೆ ನೂಲು ಬದಲಿಸಿದರೆ ಸಾಕಿತ್ತು. ಕ್ಯಾಪು ಬಿಚ್ಚಿದಾಗ ವಿಷಯ ತಿಳಿಯಿತು. ಅಂಚಿನ ಅಡಿಯ ಭಾಗ ತಗ್ಗಾಗಿ, ಒಸಡಿಗೆ ಮುಚ್ಚಳ ಹಾಕಿದ ಹಾಗಿತ್ತು. ಅಲ್ಲಿಗೆ ಯಾವ ದಾರ ಹೋದರೂ ಪೂರ್ತಿ ತಿಕ್ಕಲಾಗದು. ಸ್ಕ್ರೂವಿನ ಕುತ್ತಿಗೆಯ ಸುತ್ತ ಹತ್ತಿಯ ಎಳೆಗಳು ಒಂದರ ಮೇಲೊಂದು ಸೇರಿ ಉಂಗುರದ ಹಾಗೆ ಸುತ್ತಿಕೊಂಡಿದ್ದವು. ಚಿಮಟದಿಂದ ಎತ್ತಿ ಸ್ಟೀಲ್ ತಟ್ಟೆಯಲ್ಲಿಟ್ಟು ದೊಡ್ಡವ್ವನಿಗೆ ತೋರಿಸಿದೆ.

ಅವಳು ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ‘ನಂದೇ ನೂಲು’ ಎಂದಳು. ಆಮೇಲೆ, ‘ಅಷ್ಟ್ ಊವ ಇಡ್ಕತದೆ, ಅಲ್ನೂ ಇಡ್ಕತದೆ ಅಂದ್ಕಂಡಿದ್ದೆ’ ಎಂದಳು.

ನಗು ಬಂತು, ನಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದೇ ಕ್ಯಾಪು ಮತ್ತೆ ಹಾಕಿದರೆ ಇವತ್ತಲ್ಲ ನಾಳೆ ಸ್ಕ್ರೂ ಕಿತ್ತು ಬರುತ್ತದೆ. ಇನ್ನೊಂದು ಹಾಕಲು ಅಲ್ಲಿ ಮೂಳೆ ಉಳಿದಿರುವುದಿಲ್ಲ. ಗುಲಾಬಿ ಅಂಚು ತೆಗೆದು, ಬುಡ ಸಣ್ಣಗೆ ಮಾಡಿ ಹೊಸದು ಹಾಕಿದರೆ ಒಸಡು ವಾಸಿಯಾಗುತ್ತದೆ, ಹಲ್ಲು ಉಳಿಯುತ್ತದೆ. ಆದರೆ ಪಕ್ಕದಲ್ಲಿ ಸಂದು ಕಾಣುತ್ತದೆ.

‘ಸಂದಿ ಇಲ್ದಂಗೆ ಮಾಡಕ್ ಆಗಕಿಲ್ವಾ ನಿಂಗೆ? ಅಷ್ಟೋದಿದ್ದೀಯೆ.’

‘ಆಗಲ್ಲ ದೊಡ್ಡವ್ವ.’

ಅವಳು ಸೆರಗನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದಳು. ಅದರ ಹಿಂದಿನಿಂದಲೇ ‘ಮಾಡು ಅಂಗಾರೆ’ ಎಂದಳು.

ಈ ಸಲ ನಾನೇ ಮಾಡಿದೆ, ಸೂಜಿಯ ಕೆಲಸ ಅದರಲ್ಲಿ ಇರಲಿಲ್ಲ. ಸುತ್ತಲೂ ತೊಳೆದು, ಮೊದಲಿಗೆ ಪ್ಲಾಸ್ಟಿಕ್ಕಿನ ತಾತ್ಕಾಲಿಕ ಕ್ಯಾಪು ಹಾಕಿ, ಒಸಡು ಹೇಗೆ ಕೂರುತ್ತದೆ ನೋಡಿಕೊಂಡು ಅದರ ಬುಡವನ್ನು ಸ್ವಲ್ಪ ಸ್ವಲ್ಪವೇ ಉಜ್ಜುತ್ತಾ ಹೋದೆ. ನೂಲು ಕಸಿದುಕೊಂಡು ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಸಣ್ಣ ಬ್ರಷ್ ಕೊಟ್ಟೆ. ದೊಡ್ಡವ್ವ ಅದನ್ನೂ ಅದೇ ಶ್ರದ್ಧೆಯಿಂದ ಹಿಡಿದಳು. ಊತ ಇಳಿಯಿತು. ನೇರಳೆ ಬಣ್ಣ ಕೆಂಪಾಯಿತು, ಕೆಂಪು ಗುಲಾಬಿಯಾಯಿತು. ಪರೀಕ್ಷೆಯ ಸಣ್ಣ ಸಲಾಕೆ ತಾಗಿಸಿದರೂ ರಕ್ತವಿಲ್ಲ. ನನಗೆ ಹೆಮ್ಮೆಯಾಯಿತು. ಮೊದಲಿನದು, ಈಗಿನದು ಎಂದು ಎರಡು ಫೋಟೋ ತೆಗೆದು ಫೋನಿನಲ್ಲಿಟ್ಟುಕೊಂಡು, ಇತರ ದಂತವೈದ್ಯರಿಗೆ ತೋರಿಸಿ ಹೊಗಳಿಸಿಕೊಂಡೆ. ಆ ಫೋಟೋಗಳಲ್ಲಿ ಇದ್ದದ್ದು ಒಸಡು ಮಾತ್ರ, ದೊಡ್ಡವ್ವನ ಮುಖ ಇರಲಿಲ್ಲ.

ಮುಖ ಕಂಡದ್ದು ನರಸೀಪುರದಲ್ಲಿ. ಬಸ್ಸು ಇಳಿದು ರಸ್ತೆ ದಾಟುವ ಮೊದಲು ಆಚೆ ಕಡೆ ಅವಳು ಕೂತಿರುವುದು ಕಾಣಿಸಿತು. ಬುಟ್ಟಿ ಮುಂದಿದೆ, ಸೆರಗು ಬಾಯಿಗಿದೆ. ಯಾರೋ ಹೆಂಗಸು ಬಗ್ಗಿ ಏನೋ ಕೇಳಿದಳು. ದೊಡ್ಡವ್ವ ಮಾತಾಡದೆ ಬೆರಳು ತೋರಿಸಿದಳು, ಮೊಳ ಹಾಕಿದಳು, ಎಲೆಯಲ್ಲಿ ಸುತ್ತಿ ಕೊಟ್ಟಳು. ಹೆಂಗಸು ಹೋದಳು. ಪಕ್ಕದಲ್ಲಿ ಕೂರುವ ಹೂವಿನವಳು ಮಾತ್ರ ಬಾಯಿ ತುಂಬ ಕೂಗುತ್ತಿದ್ದಳು, ಜನ ಅತ್ತ ಹೋಗುತ್ತಿದ್ದರು. ಒಸಡು ವಾಸಿಯಾಗಿತ್ತು, ಬಾಯಿ ಮುಚ್ಚಿಹೋಗಿತ್ತು. ಅವತ್ತು ರಸ್ತೆ ದಾಟದೆ ಹಾಗೆಯೇ ವಾಪಸ್ಸು ಬಸ್ ಹತ್ತಿದೆ.

ಶಾಶ್ವತವಾದ ಕ್ಯಾಪು ಮಾಡಿಸುವಾಗ ಮೈಸೂರಿನ ಲ್ಯಾಬಿನವರ ಜೊತೆ ಫೋನಿನಲ್ಲಿ ಜಗಳವನ್ನೇ ಆಡಿದೆ. ಬುಡ ಉಬ್ಬಬಾರದು, ಆದರೆ ಪಕ್ಕದ ಹಲ್ಲಿಗೆ ತಾಗುವ ಜಾಗವನ್ನು ಒಸಡಿನ ಕಡೆಗೆ ಇನ್ನೂ ಒಂದಿಷ್ಟು ಒಯ್ಯಬೇಕು. ಆಗ ಸಂದು ಚಿಕ್ಕದಾಗುತ್ತದೆ, ಒಸಡು ತಾನಾಗಿಯೇ ಬೆಳೆದು ಅದನ್ನು ತುಂಬಿದರೂ ತುಂಬಬಹುದು. ಕೆಲವರಿಗೆ ತುಂಬುತ್ತದೆ, ಕೆಲವರಿಗೆ ಇಲ್ಲ. ಒಸಡಿನ ಮರ್ಜಿ. ಕ್ಯಾಪು ಬಂತು, ಹಾಕಿದೆ. ಸಂದು ಚಿಕ್ಕದಾಗಿತ್ತು. ದೊಡ್ಡವ್ವ ಕನ್ನಡಿಯಲ್ಲಿ ನೋಡಿ ‘ಐತೆ ಇನ್ನೂವೆ’ ಎಂದಳು. ಬಂದು ಬಂದು ತೋರಿಸಿ ಹೋದಳು. ಒಸಡು ಒಂದು ಕೂದಲಷ್ಟು ಬೆಳೆದು ನಿಂತುಬಿಟ್ಟಿತು.

ಕೊನೆಗೆ ನನಗೇ ತಡೆಯಲಾಗಲಿಲ್ಲ. ಒಂದು ದಿನ ಕುರ್ಚಿಯ ಪಕ್ಕದಲ್ಲಿ ಕೂತು ಹೇಳಿದೆ. ‘ದೊಡ್ಡವ್ವ, ನಿನಗೆ ಬೇಕು ಅಂದ್ರೆ ಹಳೇದನ್ನೇ ಹಾಕ್ತೀನಿ. ವಸಡು ಸಮೇತ ಇತ್ತಲ್ಲ, ಅದು. ಇರೋಷ್ಟು ದಿನ ಇರ್ಲಿ.’

ವೈದ್ಯೆಯಾಗಿ ಹೇಳಬಾರದ ಮಾತು ಅದು. ಗೊತ್ತಿದ್ದೇ ಹೇಳಿದೆ.

‘ಎಷ್ಟ್ ದಿನ ಬತ್ತದೆ ಅದು?’

‘ಗೊತ್ತಿಲ್ಲ. ಹೋದ್ರೆ ಸ್ಕ್ರೂ ಸಮೇತ ಹೋಗುತ್ತೆ.’

‘ಯೋಚ್ನೆ ಮಾಡಿ ಏಳ್ತೀನಿ’ ಎಂದು ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಆಮೇಲೆ ಫೋನ್ ಬರಲಿಲ್ಲ. ಮಗನನ್ನು ಕೇಳಿದರೆ, ‘ಏನೂ ಅಂದಿಲ್ಲ ಕಣಕ್ಕ’ ಎಂದ. ಅವಳ ಮಾತಿಗೆ ಕಾಯುತ್ತಾ ನಾನು ಬೇರೆಯವರ ಬಾಯಿಗಳನ್ನು ನೋಡುತ್ತಿದ್ದೆ. ಹಾಕು ಎಂದರೆ ಹಾಕಬೇಕು, ಹಾಕಿದರೆ ಕರಗುವ ಮೂಳೆಯನ್ನು ನಾನೇ ಎಕ್ಸ್‌ರೇ ತೆಗೆದು ತೆಗೆದು ನೋಡಬೇಕು. ಬೇಡ ಎಂದರೆ ಆ ಸೆರಗನ್ನು ನೋಡಬೇಕು. ಎರಡರಲ್ಲಿ ಯಾವುದೂ ನನಗೆ ಬೇಕಿರಲಿಲ್ಲ. ಕಾದು ಸಾಕಾಗಿ ಒಂದು ಬೆಳಿಗ್ಗೆ ಕ್ಲಿನಿಕ್ಕಿಗೆ ಬೀಗ ಹಾಕಿ ನರಸೀಪುರದ ಬಸ್ ಹತ್ತಿದೆ.

ಇಳಿಯುವಾಗಲೇ ಗಲಾಟೆ ಕೇಳಿಸಿತು. ಒಬ್ಬ ಹೆಂಗಸು ದೊಡ್ಡವ್ವನ ಬುಟ್ಟಿಯ ಮುಂದೆ ನಿಂತು ಹೂವು ಕೇಳುತ್ತಿದ್ದಳಂತೆ. ಪಕ್ಕದ ಹೂವಿನವಳು ಅಲ್ಲಿಂದಲೇ, ‘ಅದು ನೆನ್ನೇದು ಕಣವ್ವ, ನೀರ್ ಚಿಮುಕ್ಸಿ ತಂದವಳೆ, ಇತ್ತಗ್ ಬಾ’ ಎಂದುಬಿಟ್ಟಿದ್ದಳು. ನಾನು ನೋಡುವ ಹೊತ್ತಿಗೆ ದೊಡ್ಡವ್ವ ಎದ್ದು ನಿಂತಿದ್ದಳು. ಸೆರಗು ಬಾಯಿಯಿಂದ ಇಳಿದು ಸೊಂಟಕ್ಕೆ ಹೋಗಿತ್ತು, ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು.

‘ಯಾರ್ದೇ ನೆನ್ನೇದು? ಯಾರ್ದೇ? ಒತ್ತುಟ್ಟೋಕ್ ಮುಂಚೆ ಎದ್ದು ಬುಡ್ಸಿದ್ದೀನಿ ಕಣೇ! ಮೂಸ್ ನೋಡೇ ಬಾ, ಮೂಗೈತಾ ನಿಂಗೆ? ನಿನ್ ಬಾಯ್ಗ್ ಮಣ್ಣಾಕ! ಇಷ್ಟ್ ದಿನ ಸುಮ್ಕಿದ್ದೆ ಅಂತ ಮೂಗಿ ಅಂದ್ಕಂಡಾ ನನ್ನಾ?’

ಅವಳು ಬಾಯಿಯನ್ನು ಪೂರ್ತಿ ತೆರೆದಿದ್ದಳು. ಸಂದು ಇಡೀ ಬಸ್ ಸ್ಟ್ಯಾಂಡಿಗೆ ಕಾಣುತ್ತಿತ್ತು. ಯಾರೂ ಅದನ್ನು ನೋಡಲಿಲ್ಲ. ಕೊಳ್ಳೇಗಾಲದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, ‘ಬಂತಲ್ಲಪ್ಪ ಅಜ್ಜಿ ದನಿ!’ ಎಂದ. ಹೂವು ಕೇಳಲು ಬಂದ ಹೆಂಗಸು ನಗು ತಡೆಯುತ್ತಾ ಅಲ್ಲೇ ನಿಂತಿದ್ದಳು, ಪಕ್ಕಕ್ಕೆ ಹೋಗಿರಲಿಲ್ಲ. ನಾನು ಅಭ್ಯಾಸಬಲದಿಂದ ಮೊದಲು ಒಸಡನ್ನೇ ನೋಡಿದೆ. ರಸ್ತೆಯ ಈಚೆಗೂ ಅದು ಗುಲಾಬಿಯಾಗಿ ಕಂಡಿತು. ಆಮೇಲೆ ಮುಖ ನೋಡಿದೆ. ಸಂತೋಷಕ್ಕೆ ರಸ್ತೆ ದಾಟುವುದನ್ನೇ ಮರೆತು ನಿಂತೆ.

ಬೈಗುಳದ ನಡುವೆ ಅವಳ ಕಣ್ಣು ನನ್ನ ಮೇಲೆ ಬಿತ್ತು.

‘ನೀನೇನ್ ಮಗಾ ಬೊಂಬೆ ನಿಂತಂಗ್ ನಿಂತ್ಕಂಡಿದ್ದೀಯೆ? ನೀನೂ ವಸಿ ಬಯ್ಯಿ ಬಾ ಇವಳ್ಗೆ!’

ನಾನು ಓದಿದವಳು, ಡಾಕ್ಟರು, ನಾಲ್ಕು ಜನ ಗುರುತು ಹಿಡಿಯುವ ಜಾಗ ಅದು. ರಸ್ತೆ ದಾಟಿ ಹೋಗಿ ದೊಡ್ಡವ್ವನ ಪಕ್ಕದಲ್ಲಿ ನಿಂತು, ಬಾಯಿಗೆ ಬಂದದ್ದನ್ನೆಲ್ಲ ಬೈದೆ.